ನಗರ ನಮ್ಮ ಹೊಲದ ಬದುವಿಗೆ ಬಂದಾಗ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾವು ಭಾಷಣಕಾರರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಹಿಂದೆ ಹೊಲಕ್ಕೆ ಇಳಿದವರು. 2000ದಲ್ಲಿ ಈ ಸೊಸೈಟಿ ಶುರುವಾದಾಗ ನಮಗೆ ಇಪ್ಪತ್ತರ ವಯಸ್ಸು. ಮೊದಲ ವರ್ಷ ಬಂದ ಶೇಂಗಾ ಬೀಜದ ಚೀಲಗಳನ್ನು ಲಾರಿಯಿಂದ ಇಳಿಸಿ ಬಾಡಿಗೆ ಮನೆಯ ಪಡಸಾಲೆಯಲ್ಲಿ ಜೋಡಿಸಿದವರಲ್ಲಿ ನಾವೂ ಒಬ್ಬರು. ಇವತ್ತು ಅದೇ ಸಂಘಕ್ಕೆ ಸ್ವಂತ ಕಟ್ಟಡ ಇದೆ, ಗೋಡೌನ್ ಇದೆ. ಈ ಇಪ್ಪತ್ತೈದು ವರ್ಷದ ಸಾಧನೆಯನ್ನು ಅಧ್ಯಕ್ಷರು ವಿವರವಾಗಿ ಹೇಳಿದ್ದಾರೆ. ಆದ್ದರಿಂದ ನಾವು ಮುಂದಿನ ಇಪ್ಪತ್ತೈದು ವರ್ಷದ ಬಗ್ಗೆ ಎರಡು ಮಾತಾಡಬೇಕೆಂದಿದ್ದೇವೆ. ಸಂಘದ ಸುವರ್ಣ ಮಹೋತ್ಸವ ಬರುವ ಹೊತ್ತಿಗೆ ನಮ್ಮ ಈ ಊರು ಊರಾಗಿಯೇ ಇರುತ್ತದೋ, ಇಲ್ಲ ಯಾವುದೋ ದೊಡ್ಡ ನಗರದ ಒಂದು ಬೀದಿಯಾಗಿರುತ್ತದೋ? ಇದು ತಮಾಷೆಯ ಪ್ರಶ್ನೆ ಅಂತ ಯಾರೂ ತಿಳಿಯಬಾರದು.

ಮೊದಲನೆಯದಾಗಿ ಒಂದು ಮಾತು. ನಮ್ಮ ಸೀಮೆಗೆ ನಗರ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಎಂಬ ಪಟ್ಟಣದ ಅಧಿಕಾರಿಗಳ ಕ್ಷೇಮ ವಿಚಾರಿಸಿ ಕಳಿಸಿದ ಸಂದೇಶ ಅದು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ ಅದರಲ್ಲಿದೆ. ಆ ಇಸಿಲ ಇದ್ದದ್ದು ಬ್ರಹ್ಮಗಿರಿಯ ತಪ್ಪಲಿನಲ್ಲಿ. 1947ರಲ್ಲಿ ವೀಲರ್ ಎಂಬ ಪುರಾತತ್ವ ಅಧಿಕಾರಿ ಅಲ್ಲಿ ಅಗೆಸಿ ನೋಡಿದರು. ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಈ ಒಣಭೂಮಿ ದೂರದ ಪಾಟಲೀಪುತ್ರದ ಜೊತೆ ದಾರಿಯಿಂದ, ಆಜ್ಞೆಯಿಂದ, ವ್ಯಾಪಾರದಿಂದ ಕೂಡಿಕೊಂಡಿತ್ತು. ಈಗ ಅಲ್ಲಿ ಏನಿದೆ? ಹೊಲ ಇದೆ, ಕಲ್ಲುಗುಡ್ಡ ಇದೆ, ಕುರಿ ಮೇಯುತ್ತವೆ. ನಗರ ಬರುತ್ತದೆ, ಹೋಗುತ್ತದೆ. ಉಳಿದದ್ದು ನೆಲ, ನೀರು ಮತ್ತು ಅದನ್ನು ನಂಬಿದ ಜನ.

ಇನ್ನೊಂದು ಉದಾಹರಣೆ ನಮ್ಮ ಚಳ್ಳಕೆರೆಯದೇ. ಎಣ್ಣೆ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ಚಳ್ಳಕೆರೆ ಅಂತ ಹೇಳುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಕಂಡಿದ್ದಾರೆ. ಮಂಡಿಯ ಮುಂದೆ ಶೇಂಗಾ ಗಾಡಿಗಳ ಸಾಲು, ರಾತ್ರಿಯೆಲ್ಲ ಮಿಲ್ಲಿನ ಸದ್ದು, ಪೇಟೆಗೆ ಕಾಲಿಟ್ಟರೆ ಹಿಂಡಿಯ ವಾಸನೆ. ನಮ್ಮ ಹಳ್ಳಿಗಳ ಶೇಂಗಾದಿಂದಲೇ ಆ ಪಟ್ಟಣ ಬೆಳೆಯಿತು. 1990ರ ದಶಕದಲ್ಲಿ ವಿದೇಶದ ತಾಳೆ ಎಣ್ಣೆ ತರಿಸಿಕೊಳ್ಳಲು ಬಾಗಿಲು ತೆರೆದರು. ಕಡಿಮೆ ಬೆಲೆಯ ಆ ಎಣ್ಣೆಯ ಮುಂದೆ ನಮ್ಮ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಲೇಷ್ಯಾದ ತೋಟ ಎಲ್ಲಿ, ನಮ್ಮ ಪರಶುರಾಂಪುರದ ಹೊಲ ಎಲ್ಲಿ! ಆದರೂ ಅಲ್ಲಿಯ ಬೆಲೆ ಇಲ್ಲಿಯ ಕೂಲಿಯನ್ನು ನಿರ್ಧಾರ ಮಾಡಿತು. ದೊಡ್ಡ ಪ್ರಪಂಚದ ಜೊತೆ ಕೂಡಿಕೊಂಡರೆ ಲಾಭವೂ ಉಂಟು, ಪೆಟ್ಟೂ ಉಂಟು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕು.

ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ಯುಗಾದಿಗೆ ಬಂದಾಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ರಾತ್ರಿ ಹೊತ್ತು ಆಕಾಶದಿಂದ ತೆಗೆದ ಭೂಮಿಯ ಚಿತ್ರ. "ನೋಡಿ ಚಿಕ್ಕಪ್ಪ, ಮೊದಲು ದೀಪ ಚುಕ್ಕಿ ಚುಕ್ಕಿಯಾಗಿ ಕಾಣ್ತಿದ್ವಂತೆ. ಈಗ ಚುಕ್ಕಿಗಳು ಸೇರಿ ಗೆರೆ ಆಗ್ತಾ ಇದಾವೆ" ಅಂದ. ಅವನು ಹೇಳಿದ್ದನ್ನು ಆಮೇಲೆ ನಾವು ಅವರಿವರನ್ನು ಕೇಳಿ, ಪುಸ್ತಕ ತರಿಸಿ ಓದಿಕೊಂಡೆವು. ಅಮೆರಿಕದಲ್ಲಿ ಬಾಸ್ಟನ್ನಿನಿಂದ ನ್ಯೂಯಾರ್ಕ್ ಹಾದು ವಾಷಿಂಗ್ಟನ್‌ವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಊರಿಗೆ ಊರು ಕೂಡಿಕೊಂಡುಬಿಟ್ಟಿವೆಯಂತೆ. ಇದಕ್ಕೆ ಜೀನ್ ಗಾಟ್‌ಮನ್ ಎಂಬ ವಿದ್ವಾಂಸರು 1961ರಲ್ಲಿ ಮೆಗಲೊಪೊಲಿಸ್ ಅಂತ ಹೆಸರಿಟ್ಟು ದೊಡ್ಡ ಪುಸ್ತಕ ಬರೆದರು. ನಮ್ಮ ಭಾಷೆಯಲ್ಲಿ ನಗರಗಳ ಸರಪಳಿ ಅನ್ನಬಹುದು. ಜಪಾನಿನಲ್ಲಿ 1964ರಲ್ಲಿ ಟೋಕಿಯೋದಿಂದ ಒಸಾಕಕ್ಕೆ ಬುಲೆಟ್ ರೈಲು ಬಿಟ್ಟರು, ಆ ಸಾಲೆಲ್ಲ ಒಂದೇ ನಗರದ ಹಾಗೆ ನಡೆಯುತ್ತಿದೆ. ಚೀನಾದ ಶೆಂಜೆನ್ 1980ಕ್ಕೆ ಮೊದಲು ಚಿಕ್ಕ ಊರು. ಸರ್ಕಾರ ಅದನ್ನು ವಿಶೇಷ ಆರ್ಥಿಕ ವಲಯ ಮಾಡಿತು. ಈಗ ಅದು ಒಂದು ಕಡೆ ಹಾಂಗ್‌ಕಾಂಗ್, ಇನ್ನೊಂದು ಕಡೆ ಗುವಾಂಗ್‌ಜೌ ಜೊತೆ ಕೂಡಿ ಕೋಟಿಗಟ್ಟಲೆ ಜನರ ಪ್ರದೇಶವಾಗಿದೆ. ಅಲ್ಲಿ ಗದ್ದೆ ಮಾಡುತ್ತಿದ್ದವರ ಮಕ್ಕಳು ಕಾರ್ಖಾನೆಯ ಪಾಳಿಗೆ ಹೋಗುತ್ತಾರೆ.

ಅದೆಲ್ಲ ಹೊರದೇಶದ ಮಾತು ಅಂತ ಯಾರಾದರೂ ಹೇಳಬಹುದು. ಆದರೆ ಬೆಂಗಳೂರಿನಿಂದ ನಮ್ಮ ಕಡೆಗೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಬನ್ನಿ. ಪೀಣ್ಯದ ಕಾರ್ಖಾನೆ ಮುಗಿಯುವುದರೊಳಗೆ ಮಾದಾವರ ಬರುತ್ತದೆ. 2024ರ ನವೆಂಬರ್‌ನಲ್ಲಿ ಅಲ್ಲಿಗೆ ಮೆಟ್ರೋ ರೈಲು ಬಂತು. ಅದಾದ ಮೇಲೆ ನೆಲಮಂಗಲ, ದಾಬಸ್‌ಪೇಟೆ, ತುಮಕೂರು. ಇವುಗಳ ನಡುವೆ ರಾಗಿ ಹೊಲ ಹುಡುಕಬೇಕು. ತುಮಕೂರು ದಾಟಿದರೆ ವಸಂತನರಸಾಪುರ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ ತುಮಕೂರು ಕೈಗಾರಿಕಾ ನಗರಕ್ಕೆ 2023ರ ಫೆಬ್ರವರಿಯಲ್ಲಿ ಪ್ರಧಾನಿಗಳು ಶಂಕುಸ್ಥಾಪನೆ ಮಾಡಿದರು. ಅಲ್ಲಿಂದ ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಪುಣೆ, ಮುಂಬಯಿ, ಎಲ್ಲವೂ ಒಂದೇ ಹೆದ್ದಾರಿ. ಬೆಂಗಳೂರು–ಮುಂಬಯಿ ಕಾರಿಡಾರ್ ಎಂದು ಸರ್ಕಾರ ನಕ್ಷೆಯಲ್ಲಿ ಬರೆದಿರುವುದೂ ಇದೇ ದಾರಿಗುಂಟ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗದ ಕೆಲಸವೂ ಕೈಗೆತ್ತಿಕೊಂಡಾಗಿದೆ.

ಇದು ಒಂದು ಗೆರೆ. ಉತ್ತರಕ್ಕೆ ಇನ್ನೊಂದು ಗೆರೆ ಇದೆ: ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ಅಂದರೆ ಗಣಿ ಮತ್ತು ಉಕ್ಕಿನ ಗೆರೆ. ಈ ಎರಡು ಗೆರೆಗಳನ್ನು ಕೂಡಿಸುವ ರಸ್ತೆ ಯಾವುದು? ನಾವು ಶ್ರೀರಂಗಪಟ್ಟಣ–ಬೀದರ್ ರಸ್ತೆ ಅಂತ ಕರೆಯುತ್ತಿದ್ದದ್ದು, ಈಗ ರಾಷ್ಟ್ರೀಯ ಹೆದ್ದಾರಿ 150ಎ. ಹಿರಿಯೂರು, ಚಳ್ಳಕೆರೆ, ತಳಕು, ಬಿ.ಜಿ.ಕೆರೆ, ರಾಂಪುರ, ಬಳ್ಳಾರಿ. ನಾವು ಎರಡು ಗೆರೆಗಳ ನಡುವೆ, ಕೂಡುವ ದಾರಿಯ ಮೇಲೇ ಕೂತಿದ್ದೇವೆ. ನಗರಕ್ಕೆ ನಾವು ಹೋಗದಿದ್ದರೂ ನಗರ ನಮ್ಮನ್ನು ಹಾದು ಹೋಗಲೇಬೇಕು.

ಹಾಗಂತ ನಾಳೆ ಬೆಳಿಗ್ಗೆಯೇ ಚಳ್ಳಕೆರೆ ಬೆಂಗಳೂರು ಆಗುತ್ತದೆ ಎಂದು ನಾವು ಹೇಳುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ನೂರಕ್ಕೆ 38ಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಸುಮಾರು 20 ಜನ ಅಷ್ಟೆ. ನಾವು ಇನ್ನೂ ಹಳ್ಳಿಗರೇ. ಆದರೆ ನಗರ ಮೊದಲು ಮನೆಗಳಾಗಿ ಬರುವುದಿಲ್ಲ. ಮೊದಲು ರಸ್ತೆಯಾಗಿ ಬರುತ್ತದೆ, ವಿದ್ಯುತ್ ಟವರ್ ಆಗಿ ಬರುತ್ತದೆ, ಕಾಂಪೌಂಡ್ ಗೋಡೆಯಾಗಿ ಬರುತ್ತದೆ, ಹಳದಿ ಬಣ್ಣ ಬಳಿದ ಸೈಟುಕಲ್ಲಾಗಿ ಬರುತ್ತದೆ. ಈ ನಾಲ್ಕೂ ನಮ್ಮ ಸೀಮೆಗೆ ಆಗಲೇ ಬಂದಾಗಿದೆ.

ಅಮೃತಮಹಲ್ ಕಾವಲ್ ನೋಡಿ. ಮೈಸೂರು ಅರಸರ ಕಾಲದಿಂದ ದನಕ್ಕೆಂದು ಬಿಟ್ಟ ಹುಲ್ಲುಗಾವಲು. 2010ರ ಆಸುಪಾಸಿನಲ್ಲಿ ಅದರಲ್ಲಿ ಡಿ.ಆರ್.ಡಿ.ಒ.ಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. 2017ರ ಮೇ ತಿಂಗಳಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಕುದಾಪುರದ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಅದು ಒಳ್ಳೆಯ ಕೆಲಸ. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾವಲಿನಲ್ಲಿ ಕಾಡುಗೊಲ್ಲರ, ಮ್ಯಾಸಬೇಡರ, ಕುರುಬರ ದನ, ಕುರಿ ಮೇಯುತ್ತಿದ್ದವು. ದೇವರ ಎತ್ತುಗಳ ದಾರಿಯೂ ಅದೇ. ನಮ್ಮ ಚಳ್ಳಕೆರೆ ಕಂಬಳಿಗೆ ಉಣ್ಣೆ ಬರುತ್ತಿದ್ದದ್ದು ಆ ಕುರಿಗಳಿಂದ. ನಮ್ಮನ್ನು ಮೊದಲು ಕೇಳಲಿಲ್ಲ ಎಂಬ ಹಳ್ಳಿಗರ ಅಳಲು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ತಾತ ಒಬ್ಬರು ಒಂದು ದಿನ ಕೇಳಿದರು: "ಎಲ್ಲಾ ಸರಿ ಕಣಪ್ಪಾ, ನಮ್ ಕುರಿಗೆ ಯಾರು ನೋಟೀಸು ಕೊಟ್ರು?" ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಕಾವಲು ಯಾರ ಪಹಣಿಯಲ್ಲೂ ಇರಲಿಲ್ಲ, ಆದ್ದರಿಂದ ಯಾರ ಸಹಿಯೂ ಬೇಕಾಗಲಿಲ್ಲ.

ಪಕ್ಕದ ಪಾವಗಡಕ್ಕೆ ಹೋದರೆ ಬೇರೆ ಪಾಠ ಇದೆ. ತಿರುಮಣಿ, ವಳ್ಳೂರು ಕಡೆಯ ಐದು ಊರುಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಪಹಣಿಯಲ್ಲಿ ಹೆಸರು ಉಳಿಯಿತು, ಮಳೆ ಬರಲಿ ಬಿಡಲಿ ಹಣ ಬರುತ್ತದೆ. ಆದರೆ ಜಮೀನಿಲ್ಲದ ಕೂಲಿಯವರಿಗೆ, ಕುರಿಯವರಿಗೆ ಗುತ್ತಿಗೆಯೂ ಇಲ್ಲ, ಕೆಲಸವೂ ಇಲ್ಲ. ಇದು ಅರ್ಧ ಒಳ್ಳೆಯದು, ಇನ್ನರ್ಧ ಸರಿಪಡಿಸಬೇಕಾದ್ದು.

ಬಂಧುಗಳೇ, ಬೇರೆಯವರ ಕಥೆ ಹೇಳುವುದು ಸುಲಭ. ಈಗ ನಮ್ಮದೇ ಕಥೆ ಹೇಳುತ್ತೇವೆ. ಇಲ್ಲಿರುವ ಹಲವರಿಗೆ ಅದು ಗೊತ್ತು. ಆದರೂ ಮೈಕಿನಲ್ಲಿ ಹೇಳುವುದು ನಮ್ಮ ಧರ್ಮ.

2012ರಲ್ಲಿ ನಾವು ರಸ್ತೆ ಬದಿಯ ಒಂದೂವರೆ ಎಕರೆ ಮಾರಿದೆವು. ಎರಡು ಬೋರ್‌ವೆಲ್ ಫೇಲಾಗಿದ್ದವು, ಕೈಸಾಲ ಏರಿತ್ತು, ತಂಗಿಯ ಮದುವೆ ಮುಂದಿತ್ತು. ಒಬ್ಬ ಬ್ರೋಕರ್ ಬಂದ. ಎಕರೆಗೆ 6 ಲಕ್ಷ ಅಂದ. ಒಣಭೂಮಿಗೆ ಅಷ್ಟು ಯಾರು ಕೊಡುತ್ತಾರೆ ಅಂತ ನಾವು ಹಿಗ್ಗಿದೆವು. ಒಂದು ಮಾತು ಸಂಘದಲ್ಲಿ ಹೇಳಲಿಲ್ಲ, ಪಕ್ಕದ ಹೊಲದವರನ್ನು ಕೇಳಲಿಲ್ಲ. ನಮ್ಮ ತಾಯಿ ಮಾತ್ರ "ಕಣ ಎಲ್ಲಿ ಮಾಡ್ತೀರಪ್ಪಾ?" ಅಂತ ಕೇಳಿದರು. ಏಕೆಂದರೆ ಆ ಹೊಲದಲ್ಲೇ ನಮ್ಮ ಕಣ ಇತ್ತು, ಹುಣಸೆಮರ ಇತ್ತು. "ಈಗ ಯಾರವ್ವಾ ಕಣ ಮಾಡ್ತಾರೆ, ಎಲ್ಲಾ ಮಿಷಿನ್ನು" ಅಂತ ಹೇಳಿ ಸಹಿ ಹಾಕಿಬಂದೆವು.

ಈಗ ಲೆಕ್ಕ ಕೇಳಿ. ಒಂದು ಗುಂಟೆಗೆ 1,089 ಚದರ ಅಡಿ. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ರಸ್ತೆ, ಪಾರ್ಕು ಅಂತ ಅರ್ಧ ಬಿಟ್ಟರೂ 30–40ರ ಸೈಟು ಎಕರೆಗೆ 18 ಆಗುತ್ತವೆ. ನಮ್ಮ ಒಂದೂವರೆ ಎಕರೆಯಲ್ಲಿ 27 ಸೈಟು ಮಾಡಿದರು. ಮೊದಲ ಸೈಟು ಮೂರೂವರೆ ಲಕ್ಷಕ್ಕೆ ಹೋಯಿತು. ನಮಗೆ ಒಟ್ಟು ಬಂದದ್ದು 9 ಲಕ್ಷ, ಅಂದರೆ ಮೂರು ಸೈಟಿನ ಬೆಲೆಯೂ ಇಲ್ಲ. ಅವರಿಗೂ ಅಲಿನೇಷನ್, ರಸ್ತೆ, ಚರಂಡಿ ಅಂತ ಖರ್ಚು ಇತ್ತು, ಒಪ್ಪೋಣ. ಆದರೆ ಇಪ್ಪತ್ತೇಳಕ್ಕೂ ಮೂರಕ್ಕೂ ನಡುವೆ ಇರುವ ಅಂತರವನ್ನು ಎಸ್ಸೆಸ್ಸೆಲ್ಸಿ ಓದಿದವನು ಮೊದಲೇ ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ.

ಹಣದ ನಷ್ಟ ಅಷ್ಟಕ್ಕೇ ಮುಗಿಯಿತು. ದೊಡ್ಡ ತಪ್ಪು ಗೊತ್ತಾಗಿದ್ದು 2022ರ ಮಳೆಗಾಲದಲ್ಲಿ. ಆ ವರ್ಷ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ನಮ್ಮ ಊರಲ್ಲೂ ಹಳ್ಳ ಬಂತು. ಆದರೆ ಕೆರೆಗೆ ನೀರು ಹೋಗಲಿಲ್ಲ. ನಾವು ಮಾರಿದ ಹೊಲದ ಅಂಚಿನಲ್ಲಿದ್ದ ಕಾಲುವೆಯನ್ನು ಲೇಔಟಿಗೆ ಮಣ್ಣು ತುಂಬಿಸುವಾಗ ಮುಚ್ಚಿದ್ದರು. ನೀರು ತಿರುಗಿ ಪಕ್ಕದ ಮೂರು ಜನರ ಶೇಂಗಾ ಹೊಲಕ್ಕೆ ನುಗ್ಗಿತು. ಕಿತ್ತು ಹಾಕಿದ್ದ ಬಳ್ಳಿ ಕೊಚ್ಚಿಹೋಯಿತು. ಅವರಲ್ಲಿ ಒಬ್ಬರು ಸಂಬಂಧದಲ್ಲಿ ನಮಗೆ ಮಾವ ಆಗಬೇಕು. ಬೈಯಲಿಲ್ಲ. ಮನೆ ಮುಂದೆ ಬಂದು ನಿಂತು "ನಿನ್ನ ಹೊಲ ನೀನು ಮಾರ್ಕೊಂಡೆ, ಸರಿ ಕಣಪ್ಪಾ. ನಮ್ಮ ಕೆರೆ ನೀರು ಯಾಕೆ ಮಾರಿದೆ?" ಅಂದರು. ಅಷ್ಟೇ ಹೇಳಿ ಹೋದರು. ಆ ವರ್ಷ ಅವರು ಸೊಸೈಟಿ ಸಾಲ ಕಟ್ಟಲಾಗದೆ ಸುಸ್ತಿದಾರರ ಪಟ್ಟಿಗೆ ಸೇರಿದರು. ಆ ಪಟ್ಟಿಗೆ ಸಹಿ ಹಾಕಿದ ನಿರ್ದೇಶಕರಲ್ಲಿ ನಾವೂ ಇದ್ದೆವು. ಇವತ್ತಿಗೂ ಆ ಸಹಿ ನಮ್ಮ ಎದೆಯ ಮೇಲೆ ಇದೆ.

ನೀರಿನ ಮಾತು ಬಂದದ್ದರಿಂದ ಬೆಂಗಳೂರಿನದೂ ಹೇಳಿಬಿಡುತ್ತೇವೆ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿದರು. ಹಳ್ಳಿಯವರು ಅವತ್ತಿನಿಂದ ನಗರವಾಸಿಗಳಾದರು, ಅವರ ಕೆರೆ, ಗೋಮಾಳ ನಗರದ ಜಾಗ ಆಯಿತು. ಆದರೆ ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತದ ನೀರು ಬಿಟ್ಟದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ! ಅಲ್ಲಿಯವರೆಗೆ ಬೋರ್‌ವೆಲ್ಲು, ಟ್ಯಾಂಕರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳೂ ಬತ್ತಿ ಬಿಂದಿಗೆ ಹಿಡಿದು ನಿಂತದ್ದನ್ನು ಟಿವಿಯಲ್ಲಿ ಕಂಡಿದ್ದೇವೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ನದಿಯನ್ನು ಮೇಲಕ್ಕೆತ್ತಿ ತರುವ ಶಕ್ತಿ ಇರುವ ರಾಜಧಾನಿಯ ಗತಿ ಇದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು ನಮ್ಮವು. ಭದ್ರಾ ಮೇಲ್ದಂಡೆ ನೀರಿಗೆ ಎಷ್ಟು ವರ್ಷದಿಂದ ಕಾಯುತ್ತಿದ್ದೇವೆ? 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾದಾಗ ಸಿಹಿ ಹಂಚಿದೆವು. ಹೊಲಕ್ಕೆ ನೀರು ಬರುವ ಮೊದಲೇ ಹೊಲ ಕೈಬಿಟ್ಟರೆ ಆ ನೀರು ಯಾರಿಗೆ ಬಂದಂತಾಯಿತು? ನಗರದ ಸರಪಳಿಗೆ ನಮ್ಮ ಊರನ್ನು ಕಟ್ಟುವ ಮೊದಲು ನೀರು ಎಲ್ಲಿಂದ ಎಂದು ಕೇಳುವ ಹಕ್ಕು ನಮಗಿದೆ.

ಹಾಗಾದರೆ ನಗರ ಬೇಡವೇ? ಬೇಡ ಅಂದರೆ ನಿಲ್ಲುವುದಿಲ್ಲ. ನಮ್ಮ ಮಕ್ಕಳೇ ಅಲ್ಲಿದ್ದಾರೆ. ಅವರು ಕಳಿಸುವ ಹಣದಿಂದ ಇಲ್ಲಿ ಮನೆಗಳು ಆರ್‌ಸಿಸಿ ಆಗಿವೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಒಳ್ಳೆ ಬೆಲೆ ಸಿಗುವುದೂ ನಗರದಲ್ಲೇ. ಪ್ರಶ್ನೆ ಇಷ್ಟೇ: ನಗರ ಬಂದಾಗ ನಾವು ಒಬ್ಬೊಬ್ಬರಾಗಿ ಎದುರಾಗುತ್ತೇವೋ, ಸಂಘವಾಗಿ ಎದುರಾಗುತ್ತೇವೋ?

ಒಟ್ಟಾದವರ ಉದಾಹರಣೆ ಎರಡು ಹೇಳುತ್ತೇವೆ. ಪುಣೆಯ ಹಡಪ್ಸರದಲ್ಲಿ ಮಗರಪಟ್ಟಾ ಎಂಬ ಜಾಗ. ನಗರ ತಮ್ಮ ಕಬ್ಬಿನ ಗದ್ದೆಯ ಕಡೆಗೆ ಬರುತ್ತಿದೆ ಎಂದು ತಿಳಿದ ನೂರಿಪ್ಪತ್ತರಷ್ಟು ರೈತ ಕುಟುಂಬಗಳು 1990ರ ದಶಕದಲ್ಲಿ ಒಟ್ಟಿಗೆ ಕೂತು ಮಾತಾಡಿದವು. ಸುಮಾರು 400 ಎಕರೆ ಒಂದುಗೂಡಿಸಿ ತಮ್ಮದೇ ಕಂಪನಿ ಮಾಡಿಕೊಂಡು, ಜಮೀನಿನ ಅಳತೆಗೆ ತಕ್ಕಂತೆ ಷೇರು ಹಂಚಿಕೊಂಡು, ತಾವೇ ಪಟ್ಟಣ ಕಟ್ಟಿಸಿದರು. ಹೊಲ ಹೋಯಿತು, ಆದರೆ ಯಜಮಾನಿಕೆ ಹೋಗಲಿಲ್ಲ. ಇನ್ನೊಂದು ದೇವನಹಳ್ಳಿಯದು. ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನಕ್ಕೆ ಹೊರಟಾಗ ಅಲ್ಲಿಯ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಒಂದು ಕಡೆ ಕೊಡುವುದಕ್ಕೆ ಒಟ್ಟಾದರು, ಇನ್ನೊಂದು ಕಡೆ ಕೊಡದಿರುವುದಕ್ಕೆ ಒಟ್ಟಾದರು. ಎರಡು ಕಡೆಯೂ ತೀರ್ಮಾನ ಊರಿನವರದಾಯಿತು.

ಎಚ್ಚರಿಕೆಗೆ ಮೂರನೆಯದೂ ಹೇಳಬೇಕು. ಆಂಧ್ರದ ಅಮರಾವತಿಯಲ್ಲಿ 2015ರಲ್ಲಿ ರಾಜಧಾನಿ ಕಟ್ಟಲು ರೈತರು 33,000 ಎಕರೆಗೂ ಹೆಚ್ಚು ಜಮೀನು ಕೂಡಿಸಿ ಕೊಟ್ಟರು. 2019ರಲ್ಲಿ ಸರ್ಕಾರ ಬದಲಾಯಿತು, ಕೆಲಸ ನಿಂತುಹೋಯಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾದ ಮೇಲೆ ಕೆಲಸ ಮತ್ತೆ ಶುರುವಾಯಿತು. ನಡುವಿನ ಐದು ವರ್ಷ ಆ ಹೊಲಗಳು ಹೊಲವೂ ಅಲ್ಲ, ಪಟ್ಟಣವೂ ಅಲ್ಲ. ಒಟ್ಟಾದರೆ ಸಾಲದು, ಕಾಗದ ಗಟ್ಟಿ ಇರಬೇಕು, ಹಿಂದಕ್ಕೆ ಪಡೆಯುವ ದಾರಿಯೂ ಇರಬೇಕು.

ಈಗ ನಮ್ಮ ಸಂಘ ಏನು ಮಾಡಬಹುದು ಎಂಬ ನಾಲ್ಕು ಸಲಹೆಗಳನ್ನು ಮಹಾಸಭೆಯ ಮುಂದೆ ಇಡುತ್ತೇವೆ.

ಒಂದು. ಜಮೀನು ಮಾರುವ ಯೋಚನೆ ಬಂದ ಸದಸ್ಯರು ಅಡ್ವಾನ್ಸ್ ಹಿಡಿಯುವ ಮೊದಲು ಸಂಘಕ್ಕೆ ಒಂದು ಮಾತು ತಿಳಿಸಲಿ. ಮಾರಬೇಡಿ ಅನ್ನುವ ಅಧಿಕಾರ ನಮಗಿಲ್ಲ, ಅದು ಅವರವರ ಸ್ವತ್ತು. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳುವ ದಾರಿ ತೆರೆಯಿತು, ಕೊಳ್ಳುವವರು ಎಲ್ಲಿಂದ ಬೇಕಾದರೂ ಬರಬಹುದು. ಸಂಘದವರು ಕೂತು ಸರ್ವೆ ನಂಬರು, ಚೆಕ್ಕುಬಂದಿ, ಸೈಟಿನ ಲೆಕ್ಕ ಹೇಳಿಕೊಡೋಣ. ಮಂಜೂರಾತಿ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಏನು ಹೇಳುತ್ತದೆ ಅಂತ ವಕೀಲರಿಂದ ಕೇಳಿಸೋಣ. ಮನೆಯ ಹೆಣ್ಣುಮಕ್ಕಳನ್ನು ಸಹಿಯ ದಿನ ಕರೆಯುವ ಬದಲು ಮಾತಿನ ದಿನವೇ ಕೂರಿಸಿಕೊಳ್ಳೋಣ. ಅವತ್ತು ನಮ್ಮ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ನಮ್ಮ ತಾಯಿ ಒಬ್ಬರೇ.

ಎರಡು. ಹೆಚ್ಚಿನವರು ಮಾರುವುದು ಆಸೆಯಿಂದಲ್ಲ, ಅವಸರದಿಂದ. ಆಸ್ಪತ್ರೆ, ಮದುವೆ, ಕೈಸಾಲ. ಬೆಳೆಸಾಲ 2023ರಿಂದ 5 ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುವಂತಾಯಿತು, ಸಂತೋಷ. ಆದರೆ ಆಸ್ಪತ್ರೆಗೆ ಬೆಳೆಸಾಲ ಸಿಗುವುದಿಲ್ಲ. ಸಂಘದ ಲಾಭದಲ್ಲಿ ಒಂದು ಪಾಲು ತೆಗೆದು ಆಪತ್ತಿನ ನಿಧಿ ಮಾಡೋಣ. ಮೂರು ತಿಂಗಳು ಉಸಿರಾಡಲು ಅವಕಾಶ ಸಿಕ್ಕರೆ ಅರ್ಧದಷ್ಟು ಕ್ರಯಪತ್ರಗಳು ನಿಲ್ಲುತ್ತವೆ ಎಂಬುದು ನಮ್ಮ ಅನುಭವ.

ಮೂರು. ಊರಿನ ನಕಾಶೆ ತರಿಸಿ ಕೆರೆ, ಕೆರೆಗೆ ಬರುವ ಹಳ್ಳ, ಕಾಲುವೆ, ಗೋಮಾಳ, ಗುಂಡುತೋಪು, ಸ್ಮಶಾನ, ಬಂಡಿದಾರಿ, ಕುರಿದಾರಿ ಎಲ್ಲವನ್ನೂ ಹಿರಿಯರ ಜೊತೆ ನಡೆದು ಗುರುತಿಸೋಣ. ಕಲ್ಲು ನೆಡಿಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸೋಣ. ಕಾವಲಿಗೆ ಆದದ್ದು ನಮ್ಮ ಹಳ್ಳಕ್ಕೆ ಆಗಬಾರದು. ಯಾರ ಪಹಣಿಯಲ್ಲೂ ಇಲ್ಲದ್ದು ಎಲ್ಲರ ಪುಸ್ತಕದಲ್ಲಿ ಇರಬೇಕು.

ನಾಲ್ಕು. ಕೊಡುವ ಸಂದರ್ಭ ಬಂದೇ ಬಂದರೆ ಗುತ್ತಿಗೆ ಅಥವಾ ಪಾಲು ಕೇಳೋಣ, ಅದನ್ನೂ ಒಟ್ಟಾಗಿ ಕೇಳೋಣ. ಜಮೀನಿಲ್ಲದ ಮನೆಗಳಿಗೂ ಅದರಲ್ಲಿ ಒಂದು ಭಾಗ ಅಂತ ಮೊದಲೇ ಬರೆಸೋಣ. ಜೊತೆಗೆ ಬರುವ ನಗರಕ್ಕೆ ನಾವು ಕೂಲಿಯವರಾಗಿ ಮಾತ್ರ ಹೋಗಬಾರದು. ಸಂಘದಿಂದಲೇ ಶೇಂಗಾ ಗಾಣ, ತರಕಾರಿ, ಕುರಿ ಮಾರಾಟ ಅಂತ ಮಾರುವವರಾಗಿ ಹೋಗೋಣ. ಹೆದ್ದಾರಿಯಲ್ಲಿ ನಗರದ ಲಾರಿ ಬರುವ ಹಾಗೆ ನಮ್ಮ ಲಾರಿಯೂ ಹೋಗಲಿ.

ಇದೆಲ್ಲ ಸೊಸೈಟಿಯ ಕೆಲಸವೇ ಅಂತ ಕೆಲವರು ಕೇಳಬಹುದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದಾಗ ಅವರ ಕಣ್ಣ ಮುಂದೆ ಇದ್ದದ್ದು ಸಾಲಕ್ಕೆ ಸಿಕ್ಕಿಬಿದ್ದ ರೈತ. ಕಾಲ ಬದಲಾಗಿದೆ, ಆದರೆ ಸಿಕ್ಕಿಬೀಳುವ ರೀತಿ ಅದೇ: ಒಬ್ಬಂಟಿಯಾಗಿ, ಅವಸರದಲ್ಲಿ, ಲೆಕ್ಕ ಗೊತ್ತಿಲ್ಲದೆ. ಇನ್ನೊಂದು ಮಾತು. ನಮ್ಮ ಸಂಘದ ಸಾಲ ನಡೆಯುವುದು ಪಹಣಿಯ ಮೇಲೆ. ಪಹಣಿಗಳು ಒಂದೊಂದಾಗಿ ಸೈಟುಗಳಾದರೆ ಸಾಲ ಪಡೆಯುವವರಿಲ್ಲ, ಷೇರುದಾರರಿಲ್ಲ. ಸುವರ್ಣ ಮಹೋತ್ಸವಕ್ಕೆ ಈ ಕಟ್ಟಡ ಇರುತ್ತದೆ, ಬಾಗಿಲು ತೆಗೆಯುವ ಸದಸ್ಯರು ಇರುವುದಿಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ನಮ್ಮ ಸೀಮೆಯಲ್ಲಿ ಜನರನ್ನು ಕೂಡಿಸಿ ಐದು ಕೆರೆ ಕಟ್ಟಿಸಿದರು ಅಂತ ಹೇಳುತ್ತೇವೆ, ಜಾತ್ರೆಗೆ ಹೋಗಿ ತೇರು ಎಳೆಯುತ್ತೇವೆ. ಒಬ್ಬರೇ ಎಳೆದರೆ ತೇರು ಅಲ್ಲಾಡುವುದಿಲ್ಲ ಎಂಬುದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಕೊನೆಯದಾಗಿ ಒಂದು ವಿಷಯ. ನಮ್ಮ ಹೊಲದ ಪಕ್ಕದ ಆ ಕಾಲುವೆಯನ್ನು ಮತ್ತೆ ತೆರೆಸಲು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ, ಅಳತೆ ಆಗಿದೆ. ಮೊದಲ ಅರ್ಜಿದಾರರು ನಾವು, ಎರಡನೆಯ ಸಹಿ ನಮ್ಮ ಮಾವನವರದು. ಉಳಿದ ಸಹಿಗಳಿಗೆ ಕಾಗದ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮೊದಲು ದಯವಿಟ್ಟು ಎಲ್ಲರೂ ಅತ್ತ ಹೋಗಿ ಬನ್ನಿ.

 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.